ಟೇಬಲ್ ಮೇಲಿಟ್ಟ ಬಸ್ಸು

ನನಗೆ ಇಂಗ್ಲಿಷ್ ಬರುತ್ತದೆ ಎಂಬ ಭ್ರಮೆಯಲ್ಲಿ ಐವತ್ತು ವರ್ಷ ಸುಖವಾಗಿ ಕಳೆದವನು ನಾನು. ಧಾರವಾಡದ ಶಾಲೆಯಲ್ಲಿ ಟೇಬಲ್ ಎಂದರೆ ಮಾಸ್ತರು ಕಾಲು ಚಾಚುತ್ತಿದ್ದ ಮೇಜು, ಇಲ್ಲವೇ ನಾವು ತಪ್ಪಿ ಏಟು ತಿನ್ನುತ್ತಿದ್ದ ಮಗ್ಗಿ. ಪುಣೆಗೆ ಬಂದು ಗುಮಾಸ್ತನಾದ ಮೇಲೆ ಮೂರನೆಯ ಅರ್ಥವೂ ತಿಳಿಯಿತು: ಒಂದು ವಿಷಯವನ್ನು 'ಟೇಬಲ್ ಮಾಡುವುದು' ಎಂದರೆ ಸಭೆಯ ಮುಂದೆ ಚರ್ಚೆಗೆ ಇಡುವುದು. ಅಲ್ಲಿಗೆ ಆ ಪದದ ಅರ್ಥ ಮುಗಿಯಿತು ಎಂದುಕೊಂಡಿದ್ದೆ.

ಹೊಸ ಶತಮಾನ ಶುರುವಾದ ಹೊತ್ತಿಗೆ, ವಿಮಾನ ನಗರದ ನಮ್ಮ ಕಚೇರಿಯನ್ನು ಅಮೆರಿಕದವರು ಕೊಂಡರು. ನಾನೂ ಟಪಾಲು ವಿಭಾಗದ ಸುಶೀಲಾಬಾಯಿಯೂ ದೇಹೂ ರೋಡಿನಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದೆವು. ಬೆಳಗಾವಿ ಕಡೆಯ ಆಕೆಗೆ ಮೊಣಕಾಲು ನೋವು. ಬಸ್ಸಿನ ಮೆಟ್ಟಿಲು ಹತ್ತುವಾಗ ಕಣ್ಣಲ್ಲಿ ನೀರು ಬರುತ್ತಿತ್ತು. ಕೆಲಸ ಬಿಡುವ ಮಾತಾಡತೊಡಗಿದ್ದರು. ನೋಡಲಾರದೆ, ಕಂಪನಿಯೇ ಒಂದು ಬಸ್ಸು ಬಿಡಬೇಕೆಂದು ಎರಡು ಪುಟ ಬರೆದು ಕಳಿಸಿದೆ. ಫೋನಿನ ಸಭೆಯಲ್ಲಿ ಅಮೆರಿಕದ ಸಾಹೇಬರು "ಇದನ್ನು ಟೇಬಲ್ ಮಾಡೋಣ" ಎಂದದ್ದೇ ತಡ, ನಾನು ಹೊರಗೋಡಿ ಪೇಢೆ ತಂದು ಹಂಚಿದೆ.

"ಬಸ್ ಖರೇನ ಬರ್ತದೇನ್ರಿ?" ಎಂದರು ಸುಶೀಲಾಬಾಯಿ.

"ಬಂದಂಗ ತಿಳೀರಿ."

ಎರಡು ತಿಂಗಳಾದರೂ ಬಸ್ಸಿನ ಸುದ್ದಿಯಿಲ್ಲ. ಅಷ್ಟರಲ್ಲಿ ಸಾಹೇಬರೇ ಪುಣೆಗೆ ಬಂದರು. ಧೈರ್ಯ ಮಾಡಿ ಕೇಳಿದೆ. "ಅದನ್ನು ಆವತ್ತೇ ಟೇಬಲ್ ಮಾಡಿದೆವಲ್ಲ, ಸದ್ಯಕ್ಕೆ ಬೇಡ ಅಂತ" ಎಂದರು.

ಸಂಜೆ ಮನೆಯಲ್ಲಿ ನಿಘಂಟು ತೆರೆದೆ. ಮೂಲ ಲ್ಯಾಟಿನ್ ಪದಕ್ಕೆ ಬರೀ ಹಲಗೆ ಎಂದರ್ಥವಂತೆ. ನಾನು ರಕ್ತದೊತ್ತಡಕ್ಕೆ ನುಂಗುವ ಟ್ಯಾಬ್ಲೆಟ್ಟೂ ಅದೇ ಹಲಗೆಯ ಕೂಸು. ಇಂಗ್ಲೆಂಡಿನವರು ವಿಷಯವನ್ನು ಹಲಗೆಯ ಮೇಲಿಟ್ಟು ಮಾತಿಗೆ ಕೂರುತ್ತಾರೆ. ಅಮೆರಿಕದವರು ಅಲ್ಲೇ ಇಟ್ಟು ಎದ್ದು ಹೋಗುತ್ತಾರೆ.

ಮರುದಿನ ಸುಶೀಲಾಬಾಯಿಗೆ ತಲೆ ತಗ್ಗಿಸಿ ಹೇಳಿದೆ. ಆಕೆ ಬೈಯಲಿಲ್ಲ. "ಇರ್ಲಿ ಬಿಡ್ರಿ, ಪೇಢೆ ಭಾಳ ಛಲೋ ಇದ್ವು" ಎಂದು ನಕ್ಕು, ಮೊಣಕಾಲು ನೀವಿಕೊಂಡರು. ಬೈದಿದ್ದರೆ ಸುಮ್ಮನಿರುತ್ತಿದ್ದೆನೇನೋ, ಆ ನಗು ನನ್ನನ್ನು ನೆಟ್ಟಗೆ ಸಾಹೇಬರ ಕೋಣೆಗೆ ನೂಕಿತು. ಪೇಢೆಯಿಂದ ಮೊಣಕಾಲಿನವರೆಗೆ ಎಲ್ಲವನ್ನೂ ಹರಕುಮುರುಕು ಇಂಗ್ಲಿಷಿನಲ್ಲಿ ಒದರಿದೆ. ಸಾಹೇಬರು ಮೊದಲು ಕಣ್ಣು ಪಿಳುಕಿಸಿದರು, ಆಮೇಲೆ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. "ಹಾಗಾದರೆ ಈಗ ನಿಮ್ಮ ಅರ್ಥದಲ್ಲೇ ಟೇಬಲ್ ಮಾಡೋಣ, ಕೂತುಕೊಳ್ಳಿ" ಎಂದರು.

ಮುಂದಿನ ತಿಂಗಳೇ ಬಸ್ಸು ಬಂತು. ಮೆಟ್ಟಿಲು ತಗ್ಗಿನದು. ಸುಶೀಲಾಬಾಯಿ ಕಿಟಕಿ ಪಕ್ಕ ಕೂತು ಇಡೀ ದಾರಿ ಮಾತಾಡಿದರು. ಗೆದ್ದ ಹಮ್ಮಿನಲ್ಲಿ ಮನೆಗೆ ಬಂದು ಹೆಂಡತಿಗೆ ಸುದ್ದಿ ಹೇಳಿದೆ. ಆಕೆ ಗಡಿಯಾರ ನೋಡಿದಳು.

"ಭಾಳ ಛಲೋ ಆತು. ಇಷ್ಟ್ ದಿನ ಬಸ್ ಸಿಗಲಿಲ್ಲಂತ ಕಟ್ಟಿ ಮ್ಯಾಲೆ ಹರಟಿ ಹೊಡದು ಬರ್ತಿದ್ರಿ. ನಾಳಿಂದ ಏನ್ ನೆವಾ ಹೇಳ್ತೀರಿ?"