ಹಸಿರು ನೀರಿನ ಕಾವಲು

ಪ್ರಯೋಗಾಲಯದಲ್ಲಿ ಪಾಚಿಗೆ ಬೆಳಕು ಕೊಡುವ ದೀಪದ ಕಪಾಟು ಕೆಟ್ಟದ್ದೇ ಎಲ್ಲ ರಗಳೆಗೂ ಮೂಲ. ರಿಪೇರಿ ಮುಗಿಯುವವರೆಗೆ ಇರಲಿ ಎಂದು ವಿಜ್ಞಾನಿ ಮೇಡಂ ತಮ್ಮ ಕಡಲ ಪಾಚಿಯನ್ನು ಎರಡು ಸೀಸೆಗಳಿಗೆ ಹಂಚಿ, ಒಂದನ್ನು ತಮ್ಮ ಮನೆಗೆ ಒಯ್ದರು. ಇನ್ನೊಂದನ್ನು ಸಹಾಯಕನ ಕೈಗಿತ್ತರು. "ಹುಷಾರು, ಈ ತಳಿ ಬೇರೆ ಯಾವ ಪ್ರಯೋಗಾಲಯದಲ್ಲೂ ಇಲ್ಲ," ಎಂದಾಗ ಅವರ ದನಿ ನಡುಗಿತು. ವರ್ಷಗಟ್ಟಲೆ ಮಗುವಿನಂತೆ ಸಾಕಿದ್ದು, ಪಾಪ.

ಸಹಾಯಕ ಸೀಸೆಯನ್ನು ತನ್ನ ಮನೆಯ ಕಿಟಕಿಯಲ್ಲಿಟ್ಟ. ಪಕ್ಕದ ಮನೆಯ ಟೈಲರ್ ಆಂಟಿ ಇಣುಕಿದರು.

"ಏನಪ್ಪಾ ಇದು?"

"ಗಿಡಗಳು ಆಂಟಿ. ಒಂದೊಂದಕ್ಕೂ ಒಂದೇ ಜೀವಕೋಶ, ಕಣ್ಣಿಗೇ ಕಾಣಲ್ಲ. ಆದ್ರೂ ಹಗಲು ಯಾವಾಗ, ರಾತ್ರಿ ಯಾವಾಗ ಅಂತ ಗೊತ್ತಾಗುತ್ತೆ. ಅದು ಹೇಗೆ ಅಂತ ಇದರಲ್ಲಿ ತಿಳಿದ್ರೆ ದೊಡ್ಡ ಮರಗಳ ಗುಟ್ಟೂ ಸಿಗುತ್ತೆ."

"ಅಯ್ಯೋ ಪಾಪ, ಬಿಸಿಲು ತಾಗುತ್ತಲ್ಲ!" ಆಂಟಿ ಸೀಸೆಗೆ ತುಂಡುಬಟ್ಟೆ ಹೊದಿಸಿದರು. ಅವನು ತೆಗೆದ. ಬೆನ್ನು ತಿರುಗಿಸಿದೊಡನೆ ಮತ್ತೆ ಹೊದಿಸಿದರು. ಸಾಕಪ್ಪಾ ಸಾಕು ಎನ್ನಿಸಿ, ಒಳಗಿಟ್ಟು ಬೆಳಕು ಕೊಟ್ಟರಾಯಿತೆಂದು ಟೇಬಲ್ ಲ್ಯಾಂಪ್ ತರಲು ಅಂಗಡಿಗೆ ಓಡಿದ.

ಮರಳಿದಾಗ ಸೀಸೆ ಫಳಫಳ ಹೊಳೆಯುತ್ತಿತ್ತು. ತಿಳಿನೀರಿನಲ್ಲಿ ಮನಿಪ್ಲಾಂಟಿನ ಕುಡಿಯೊಂದು ನಿಂತಿತ್ತು.

"ಗಿಡ ಗಿಡ ಅಂತಿದ್ದೆ, ಒಂದೂ ಬಂದಿರಲಿಲ್ಲ ಕಣೋ," ಎಂದಳು ಅಮ್ಮ. "ನಿಂಗೆ ಬೇಜಾರಾಗುತ್ತೆ ಅಂತ ಪಾಚಿ ಚೆಲ್ಲಿ, ಚೆನ್ನಾಗಿ ತೊಳೆದು, ನಾನೇ ಒಂದು ನೆಟ್ಟೆ."

ಅಮ್ಮನ ಆ ಅರಳಿದ ಮುಖ ನೋಡಿ ಬಯ್ಯಲು ಯಾರಿಗೆ ಮನಸ್ಸು ಬಂದೀತು? "ಚೆನ್ನಾಗಿದೆ ಅಮ್ಮ," ಎಂದು ಒಳಗೆ ಹೋಗಿ ತಲೆ ಮೇಲೆ ಕೈಹೊತ್ತು ಕೂತ.

"ಇಷ್ಟೇ ತಾನೇ?" ವಿಷಯ ತಿಳಿದ ಆಂಟಿ ಬಟ್ಟೆಗೆ ಹಾಕುವ ಹಸಿರು ಬಣ್ಣ ಹಿಡಿದು ಬಂದರು. ಬೇಡ ಬೇಡ ಎನ್ನುತ್ತಲೇ ಅವನು ಗಿಡ ತೆಗೆದು ಬಣ್ಣ ಕಲಸಿದ. ಚಮಚ ಕೆಳಗಿಡುವಷ್ಟರಲ್ಲಿ ಬಾಗಿಲಲ್ಲಿ ಮೇಡಂ!

"ನಮ್ಮ ಯಜಮಾನರು ನನ್ನ ಸೀಸೆ ತೊಳೆದುಬಿಟ್ರು! ಮುಚ್ಚಿಡೋಕೆ ಬಣ್ಣದ ನೀರು ಬೇರೆ ತುಂಬಿದ್ರು. ನಾನೇನು ಕುರುಡಿಯಾ? ಒಂದೇ ನೋಟಕ್ಕೆ ಸಿಕ್ಕಿಬಿದ್ರು." ಮೇಡಂ ಅವನ ಸೀಸೆಯನ್ನು ಎದೆಗವಚಿಕೊಂಡರು. "ಸದ್ಯ, ಇದೊಂದು ಉಳೀತು. ನಿಮ್ಮನ್ನ ನಂಬಿದ್ದು ಸಾರ್ಥಕವಾಯ್ತು."

ಅವನಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಒಂದು ಮಾತು ಆಡದಿದ್ದರೆ ನೌಕರಿ ಉಳಿಯುತ್ತಿತ್ತು. ಆದರೆ ಆ ಒದ್ದೆ ಕಣ್ಣುಗಳೆದುರು ಸುಳ್ಳು ಹೇಳಲಾಗಲಿಲ್ಲ.

"ಮೇಡಂ... ಇದೂ ಬಣ್ಣವೇ."

ಮೇಡಂ ಸೀಸೆಯನ್ನು ಬೆಳಕಿಗೆ ಹಿಡಿದರು. ತುಟಿ ಅದುರಿತು. ಆಮೇಲೆ ಕಣ್ಣೊರೆಸಿಕೊಂಡು, ತಡೆಯಲಾರದೆ ನಕ್ಕರು.

"ನಮ್ಮ ಯಜಮಾನರಿಗಿಂತ ಚೆನ್ನಾಗಿ ಕಲಸಿದ್ದೀರಿ. ನಡೀರಿ, ಕೊಡ ತಗೊಳ್ಳಿ. ಸಮುದ್ರದಲ್ಲಿ ಮೊದಲಿಂದ ಹುಡುಕೋಣ."