ಚೈತ್ರಾಲಿಯ ಹೊಸ ಆಲ್ಬಮ್ಮೂ ನನ್ನ ಎಂಟು ಪುಟದ ಭಾಷಣವೂ

ಚೈತ್ರಾಲಿಯ ಹಾಡುಗಳ ಬಗ್ಗೆ ಮಾತಾಡಲು ಇಡೀ ಮುಂಬಯಿಯಲ್ಲಿ ನನಗಿಂತ ಯೋಗ್ಯ ಮನುಷ್ಯ ಇನ್ನೊಬ್ಬನಿಲ್ಲ. ಇದು ಜಂಬವಲ್ಲ, ಅನುಭವ! ಹದಿನೈದು ವರ್ಷಗಳಿಂದ ನಾನು ಅವಳ ಅಭಿಮಾನಿ. ಮದುವೆ ಮನೆಯ ಗದ್ದಲದಲ್ಲಿ, ಎಲ್ಲೋ ಮೂಲೆಯ ಸ್ಪೀಕರಿನಲ್ಲಿ, ಅವಳು ಬರೀ ಉಸಿರೆಳೆದುಕೊಂಡರೂ ಸಾಕು, ಯಾವ ಹಾಡೆಂದು ಹೇಳಿಬಿಡುತ್ತೇನೆ. ಹೀಗಿರುವಾಗ ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ ಸ್ವತಃ ಚೈತ್ರಾಲಿಯೇ ಬರುತ್ತಾಳೆ, ಅವಳ ಹೊಸ ಆಲ್ಬಮ್ಮಿನ ಬಗ್ಗೆ ಯಾರಾದರೂ ಮಾತಾಡಬೇಕು ಎಂದು ಅಧ್ಯಕ್ಷ ಶೆಟ್ಟರು ಹೇಳಿದ ಕೂಡಲೇ ನನ್ನ ಕೈ ತಾನಾಗಿಯೇ ಮೇಲೆದ್ದಿತು.

"ಹೆಗ್ಡೆಯವ್ರೇ, ನಿಮ್ಗೆ ಸಂಗೀತ ಗೊತ್ತುಂಟಾ?" ಎಂದರು ಶೆಟ್ಟರು. ಹೋಟೆಲಿನವರಾದ್ದರಿಂದ ರುಚಿ ನೋಡದೆ ಏನನ್ನೂ ಒಪ್ಪುವವರಲ್ಲ.

"ಸಂಗೀತ ಗೊತ್ತಿಲ್ಲ. ಚೈತ್ರಾಲಿ ಗೊತ್ತು."

"ಎದುರಿಗೇ ಕೂತಿರ್ತಾರೆ ಮಾರಾಯ್ರೆ. ಸಂಘದ ಮರ್ಯಾದೆ ಪ್ರಶ್ನೆ."

ಎದುರಿಗೇ ಕೂತಿರಬೇಕು ಎಂಬುದೇ ನನ್ನ ಆಸೆ. ಮಲಾಡ್‌ನಲ್ಲಿ ತನಗೆ ಇಂಥವನೊಬ್ಬ ಅಭಿಮಾನಿ ಇದ್ದಾನೆ ಎಂದು ಅವಳಿಗೆ ಒಮ್ಮೆ ತಿಳಿದುಬಿಟ್ಟರೆ ಸಾಕು, ಬೇರೇನೂ ಬೇಡ.

ತಯಾರಿ ಶುರುವಾಯಿತು. ನನ್ನ ಆಫೀಸು ವಿಕ್ರೋಳಿಯಲ್ಲಿ. ಮಲಾಡ್‌ನಿಂದ ದಾದರ್‌ವರೆಗೆ ಲೋಕಲ್‌ನಲ್ಲಿ ನಿಂತುಕೊಂಡು ಫೋನಿನಲ್ಲಿ ಸ್ವಾಮಿಗಳೊಬ್ಬರ ಪ್ರವಚನ ಕೇಳುವುದು ರೂಢಿ. ಮೊದಲೆಲ್ಲ ಸ್ವಾಮಿಗಳು ಮೋಕ್ಷಕ್ಕೆ ಬರುವ ಮುಂಚೆಯೇ ದಾದರ್ ಬಂದುಬಿಡುತ್ತಿತ್ತು. ಎರಡು ವರ್ಷದ ಹಿಂದೆ ಮಗಳು ನಿಧಿ ಫೋನಿನಲ್ಲಿ ಏನೋ ಒತ್ತಿಕೊಟ್ಟಳು. ಅಂದಿನಿಂದ ದಾದರ್‌ಗೆ ಮುಂಚೆ ಬಾಂದ್ರಾದಲ್ಲೇ ಮೋಕ್ಷ! ಅದೇ ಆಪ್‌ನಲ್ಲಿ ಹೊಸ ಆಲ್ಬಮ್ಮನ್ನೂ ಇಳಿಸಿಕೊಂಡು, ಹೋಗುವಾಗೊಮ್ಮೆ ಬರುವಾಗೊಮ್ಮೆ, ಒಟ್ಟು ಇಪ್ಪತ್ತು ದಿನ ಕೇಳುವ ವ್ರತ ಹಿಡಿದೆ. ಬೇರೆ ಯಾರು ಏನು ಬರೆದಿದ್ದಾರೆ ಎಂದು ಓದಲಿಲ್ಲ. ವಿಮರ್ಶಕನ ಮನಸ್ಸು ಶುದ್ಧವಾಗಿರಬೇಕಲ್ಲ!

ಮೊದಲ ಹಾಡಿಗೇ ಬೆಚ್ಚಿಬಿದ್ದೆ. ಅಬ್ಬಬ್ಬಾ, ಏನು ವೇಗ! ಪಲ್ಲವಿ ಮುಗಿಯಿತೇ ಎಂದು ನೋಡುವಷ್ಟರಲ್ಲಿ ಚರಣವೂ ಮುಗಿದಿತ್ತು. ಆದರೆ ಸಾಹಿತ್ಯದಲ್ಲಿ ಬರೀ ಕಂದ, ತೊಟ್ಟಿಲು, ಚಂದಮಾಮ, ನಿದ್ದೆ. ಸ್ವಲ್ಪ ಗೊಂದಲವಾಯಿತು. ಅಂಧೇರಿಯಲ್ಲಿ ಜನ ನುಗ್ಗಿ ನನ್ನನ್ನು ಒಳಕ್ಕೆ ಒತ್ತಿದಾಗ ಜ್ಞಾನೋದಯವಾಯಿತು: ಇದು ವ್ಯಂಗ್ಯ! ಮಲಗು ಎನ್ನುತ್ತಲೇ ಮಲಗಿರುವ ಸಮಾಜದ ಕಿವಿ ಹಿಂಡುತ್ತಿದ್ದಾಳೆ!

ಮನೆಗೆ ಬಂದು ಹೆಂಡತಿ ಶಾರದೆಗೆ ಕೇಳಿಸಿದೆ.

"ಎಂತ ಅವಸರ ಮಾರಾಯ್ರೆ ಇವ್ಳಿಗೆ? ಗಾಡಿ ತಪ್ತದಾ?" ಎಂದಳು.

ಒಳಕೋಣೆಯಿಂದ ನಿಧಿಯ ದನಿ ಬಂತು. "ಪಪ್ಪಾ, ಇದು ಲಲಬೈ ಆಲ್ಬಮ್ ಅಲ್ವಾ? ಅವ್ಳಿಗೆ ಬೇಬಿ ಆಯ್ತು, ಇಸ್ಲಿಯೇ, ಅದಕ್ಕೇ..."

"ಲಾಲಿ ಅಲ್ಲ! ಲಾಲಿಯ ವಿರುದ್ಧ ಬಂಡಾಯ!"

"ಓಕೆ," ಎಂದು ಬಾಗಿಲು ಹಾಕಿಕೊಂಡಳು. ಅವಳ ಓಕೆಯನ್ನು ನಾನು ಒಪ್ಪಿಗೆ ಎಂದೇ ತಿಳಿದೆ.

ನನ್ನ ಸಿದ್ಧಾಂತಕ್ಕೆ ಪುರಾವೆ ಬೇಕಿತ್ತು. ನಮ್ಮ ಬಿಲ್ಡಿಂಗಿನ ಟೆರೇಸಿನಲ್ಲಿ ಬೆಳಿಗ್ಗೆ ಹಿರಿಯರೆಲ್ಲ ಸೇರಿ ವ್ಯಾಯಾಮ ಮಾಡುತ್ತಾರೆ. ಅಲ್ಲಿ ಹಾಡು ಹಾಕಿದೆ. ಎರಡೇ ದಿನದಲ್ಲಿ ಎಲ್ಲರೂ ಅದೇ ತಾಳಕ್ಕೆ ಕೈಕಾಲು ಬೀಸತೊಡಗಿದರು. ಮೂರನೇ ಮಹಡಿಯ ಕುಲಕರ್ಣಿಯವರಂತೂ "ಏಕ್‌ದಮ್ ಫಾಸ್ಟ್ ಆಹೇ, ಹೆಗ್ಡೆಸಾಹೇಬ್!" ಎಂದು ಕುಣಿದು ಕುತ್ತಿಗೆ ಉಳುಕಿಸಿಕೊಂಡರು. ಇದಕ್ಕಿಂತ ಪುರಾವೆ ಬೇಕೇ? ಅದನ್ನೂ ಸೇರಿಸಿ ಭಾಷಣ ಎಂಟು ಪುಟವಾಯಿತು.

ವಾರ್ಷಿಕೋತ್ಸವದ ಭಾನುವಾರ ಸಂಘದ ಸಭಾಂಗಣ ತುಂಬಿತ್ತು. ಚೈತ್ರಾಲಿ ಮೊದಲ ಸಾಲಿನಲ್ಲಿ ಕುಳಿತಿದ್ದಳು. ಅವಳ ಹೆಗಲ ಮೇಲೆ ಪುಟ್ಟ ಹೆಣ್ಣುಮಗು ಗಾಢ ನಿದ್ದೆಯಲ್ಲಿತ್ತು. ನಾನು ಗಂಟಲು ಸರಿಮಾಡಿಕೊಂಡು ಶುರುಮಾಡಿದೆ: "ನಲವತ್ತು ಬಾರಿ ಕೇಳಿದ ಅಧಿಕಾರದಿಂದ ಹೇಳುತ್ತಿದ್ದೇನೆ. ಇಂಥ ಮಿಂಚಿನ ಲಯ, ಇಂಥ ಬಿರುಗಾಳಿ ವೇಗ ಕನ್ನಡದಲ್ಲಿ ಹಿಂದೆಂದೂ ಬಂದಿಲ್ಲ!"

ಚೈತ್ರಾಲಿ ಮೊದಲು ಮುಗುಳ್ನಕ್ಕಳು. ಎರಡನೇ ಪುಟಕ್ಕೆ ಹುಬ್ಬು ಗಂಟಿಕ್ಕಿದಳು. ಕುಲಕರ್ಣಿಯವರ ಕುತ್ತಿಗೆಯ ಪ್ರಸಂಗಕ್ಕೆ ಬಂದಾಗ ತಿರುಗಿ ಶೆಟ್ಟರನ್ನು ನೋಡಿದಳು. ಶೆಟ್ಟರು ಫ್ಯಾನ್ ನೋಡುತ್ತಿದ್ದರು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಾನು ನಿಲ್ಲಿಸುವವನೇ? "ಉದಾಹರಣೆ ಸಮೇತ ತೋರಿಸುತ್ತೇನೆ!" ಎಂದು ಫೋನನ್ನು ಸ್ಪೀಕರಿಗೆ ಸಿಕ್ಕಿಸಿ ಹಾಡು ಹಾಕಿದೆ.

ತೊಟ್ಟಿಲು, ಚಂದಮಾಮ, ನಿದ್ದೆ ಎಲ್ಲವೂ ಒಂದರ ಮೇಲೊಂದು ಬಿದ್ದು ಓಡಿದವು. ಮಗು ಬೆಚ್ಚಿ ಎದ್ದು ಕಿಟಾರನೆ ಕಿರುಚಿತು. ಹಿಂದಿನ ಸಾಲಿನಿಂದ ನಿಧಿ ತಲೆ ಚಚ್ಚಿಕೊಂಡು ಕೂಗಿದಳು: "ಪಪ್ಪಾ! ಸ್ಪೀಡ್! ಪ್ರವಚನದ ಒನ್ ಪಾಯಿಂಟ್ ಫೈವ್‌ನಲ್ಲೇ ಇದೆ!"

ನನಗೆ ತಲೆಬುಡ ತಿಳಿಯಲಿಲ್ಲ. ಚೈತ್ರಾಲಿ ಅಳುವ ಮಗುವನ್ನೆತ್ತಿಕೊಂಡೇ ವೇದಿಕೆಗೆ ಬಂದು, "ಸರ್, ನಿಮ್ಮ ಫೋನ್ ಕೊಡ್ತೀರಾ?" ಎಂದಳು. ಸಹಿ ಹಾಕಿಕೊಡಲಿಕ್ಕೆಂದು ತಿಳಿದು ಕವರ್ ತೆಗೆದು ಕೊಟ್ಟೆ! ಅವಳು ಒಂದು ಕಡೆ ಒತ್ತಿದಳು, ಅಷ್ಟೆ.

ಹಾಡು ಮತ್ತೆ ಮೊದಲಿಂದ ಶುರುವಾಯಿತು. ನಿಧಾನವಾಗಿ, ಒಂದೊಂದೇ ಪದ. ಮಗು ಬಿಕ್ಕುವುದನ್ನು ನಿಲ್ಲಿಸಿ ಅಮ್ಮನ ಹೆಗಲಿಗೆ ಒರಗಿತು. ಹಾಡಿನ ಎರಡನೇ ಸಾಲಿಗೆ ಮುಂಚೆ ಚೈತ್ರಾಲಿ ಉಸಿರೆಳೆದುಕೊಂಡದ್ದು ಸಭಾಂಗಣಕ್ಕೆಲ್ಲ ಕೇಳಿಸಿತು. ನಲವತ್ತು ಸಲ ಕೇಳಿದ್ದ ನನಗೆ ಆ ಉಸಿರು ಆವತ್ತೇ ಮೊದಲು ಕೇಳಿಸಿದ್ದು. ನಿಜ ಹೇಳುತ್ತೇನೆ, ನಾಚಿಕೆಯ ನಡುವೆಯೂ ನನ್ನ ಕಣ್ಣು ತುಂಬಿ ಬಂತು.

ಚೈತ್ರಾಲಿ ಮೈಕ್ ತೆಗೆದುಕೊಂಡಳು. "ನನ್ನ ಮಗಳನ್ನ ಬಿಟ್ರೆ ಈ ಆಲ್ಬಮ್ ಇಷ್ಟು ಸಲ ಕೇಳಿದ್ದು ಇವ್ರೊಬ್ರೇ. ಅವಳು ಮಲಗಿದಳು. ಇವ್ರು ಒಂದು ಸಲಾನೂ ಮಲಗಲಿಲ್ಲ!" ಸಭೆ ಬಿದ್ದು ಬಿದ್ದು ನಕ್ಕಿತು. ಉಳಿದ ಮೂರು ಪುಟ ಮಡಚಿ ಜೇಬಿಗೆ ಹಾಕಿಕೊಂಡೆ. ಮಲಾಡ್‌ನ ಅಭಿಮಾನಿಯನ್ನು ಅವಳು ಇನ್ನು ಜನ್ಮದಲ್ಲಿ ಮರೆಯುವುದಿಲ್ಲ.

ಆದರೆ ಹೆಗ್ಡೆ ಸೋಲೊಪ್ಪುವವನಲ್ಲ. ಸರಿಯಾದ ವೇಗದಲ್ಲಿ ಕೇಳಿ ಹೊಸ ವಿಮರ್ಶೆ ಬರೆದೇ ತೀರುತ್ತೇನೆಂದು ಪಣ ತೊಟ್ಟೆ. ಸೋಮವಾರ ಸಂಜೆ ದಾದರ್‌ನಲ್ಲಿ ಮಲಾಡ್ ದಾಟಿ ಕೊನೆಯ ಸ್ಟೇಷನ್ನಿನವರೆಗೆ ಹೋಗುವ ವಿರಾರ್ ಗಾಡಿ ಹತ್ತಿದೆ. ಪವಾಡವೆಂಬಂತೆ ಕಿಟಕಿ ಪಕ್ಕ ಸೀಟು ಸಿಕ್ಕಿತು. ಇಯರ್‌ಫೋನ್ ಹಾಕಿಕೊಂಡು, ಪೆನ್ನು ಪುಸ್ತಕ ತೊಡೆಯ ಮೇಲಿಟ್ಟುಕೊಂಡೆ.

ಫೋನ್ ಹೊಡೆದುಕೊಂಡಾಗ ರೈಲಿನ ಡಬ್ಬಿ ಖಾಲಿಯಾಗಿತ್ತು.

"ಎಲ್ಲಿದ್ದೀರಿ?" ಶಾರದೆ ಕೇಳಿದಳು.

"ವಿರಾರ್‌ನಲ್ಲಿ."

"ವಿರಾರ್‌ನಲ್ಲಿ ಎಂತ ಕೆಲ್ಸ?"

"ಆಲ್ಬಮ್ ಕೇಳ್ತಾ ಇದ್ದೆ."

"ಹೇಗುಂಟು?"

"ಭಾರೀ ಚಂದ ಉಂಟು," ಎಂದೆ. "ಮೊದಲ್ನೇ ಹಾಡಿನ ಮೊದಲ್ನೇ ಸಾಲಿನ ತನಕ ಕೇಳಿ ಆಯ್ತು."