ಒಡೆಯದ ಸೀಲಿನ ವಿಚಾರವಾಗಿ ಬಿಂದುಬಾಕ್ಸ್ ಕಂಪನಿಗೆ

ಬಿಂದುಬಾಕ್ಸ್ ಕಂಪ್ಯೂಟರ್ ಕಂಪನಿಯ ಅಪ್‌ಗ್ರೇಡ್ ವಿಭಾಗದ ಮುಖ್ಯಸ್ಥರ ಸನ್ನಿಧಾನಕ್ಕೆ, ಅರಸೀಕೆರೆಯ ಮಾಲಿನಿ ಡಿ.ಟಿ.ಪಿ. ಸೆಂಟರಿನ ಮಾಲಿನಿ ಮಾಡುವ ಶರಣು ಶರಣಾರ್ಥಿಗಳು.

ಮಾನ್ಯರೇ,

ನಾವಿಲ್ಲಿ ಕ್ಷೇಮ. ತಾವೂ, ತಮ್ಮ ವಿಭಾಗದ ಸಮಸ್ತ ಸಿಬ್ಬಂದಿಯೂ, ಫೋನು ಮಾಡಿದವರನ್ನು ಕಾಯಿಸುವಾಗ ಕೇಳಿಸುವ ಆ ಕೊಳಲಿನ ಸಂಗೀತವೂ ಕ್ಷೇಮವೆಂದು ನಂಬಿದ್ದೇನೆ. ಈ ಬೇಸಿಗೆಯಲ್ಲಿ ಆ ಸಂಗೀತವನ್ನು ನಾನು ಎಷ್ಟು ಕೇಳಿದ್ದೇನೆಂದರೆ, ಈಗ ಸಾರಿಗೆ ಒಗ್ಗರಣೆ ಹಾಕುವಾಗಲೂ ಅದೇ ಬಾಯಿಗೆ ಬರುತ್ತದೆ. ಈ ಕಾಗದವನ್ನು ತಮಗೊಬ್ಬರಿಗೇ ಕಳಿಸದೆ ಊರೆಲ್ಲ ಓದುವ ಹಾಗೆ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಖಾಸಗಿಯಾಗಿ ಬರೆದದ್ದಕ್ಕೆಲ್ಲ ತಮ್ಮ ಯಂತ್ರವೇ ಉತ್ತರ ಕೊಟ್ಟು, ನನ್ನ ದೂರು ತಮಗೆ ಬಹಳ ಮುಖ್ಯವೆಂದು ತಿಳಿಸಿ ಸುಮ್ಮನಾಗುತ್ತಿದ್ದುದರಿಂದ ಹೀಗೆ ಮಾಡಬೇಕಾಯಿತು.

ಮೊದಲು ನಾನು ಯಾರೆಂದು ಹೇಳಿಬಿಡುತ್ತೇನೆ. ಅರಸೀಕೆರೆಯ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನಮ್ಮ ಮನೆ. ನಮ್ಮ ಯಜಮಾನರು ಶಿವಕುಮಾರ್ ಕೊಬ್ಬರಿ ವ್ಯಾಪಾರಿಗಳು. ನಮ್ಮತ್ತೆ ಬಸಮ್ಮನವರು ಮನೆಯ ಹಿರಿಯರು, ಮನೆಯೂ ಅವರ ಹೆಸರಿನಲ್ಲೇ ಇದೆ. ಮನೆಯ ಮುಂದಿನ ರೂಮಿನಲ್ಲಿ ತಮ್ಮ ಕಂಪನಿಯ ಪುಟ್ಟ ಬಿಂದುಬಾಕ್ಸ್ ಇಟ್ಟುಕೊಂಡು ನಾನು ಬೇಲೂರಿನ ಹೋಟೆಲುಗಳ ತಿಂಡಿ ಪಟ್ಟಿ, ಹಳೇಬೀಡಿನ ಗೈಡುಗಳ ವಿಸಿಟಿಂಗ್ ಕಾರ್ಡು, ಎಲ್ಲಕ್ಕಿಂತ ಹೆಚ್ಚಾಗಿ ಸುತ್ತಮುತ್ತಲ ಊರಿನವರ ಲಗ್ನಪತ್ರಿಕೆ ಮಾಡಿಕೊಡುತ್ತೇನೆ. ಬೀದಿಯಲ್ಲಿ ಇರುವ ಬೋರ್ಡುಗಳಲ್ಲೆಲ್ಲ ಗಂಡಸರ ಹೆಸರು, ಇಲ್ಲವೇ ದೇವರ ಹೆಸರು. ಹೆಣ್ಣಿನ ಹೆಸರಿರುವ ಬೋರ್ಡು ನನ್ನ ಸೆಂಟರಿನದೊಂದೇ. ಅದನ್ನು ನೋಡಿದಾಗೆಲ್ಲ ನನಗೆ ಈಗಲೂ ಸಂತೋಷವಾಗುತ್ತದೆ, ಅದನ್ನು ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ.

ತಮ್ಮ ಬಿಂದುಬಾಕ್ಸನ್ನು ಎಷ್ಟು ಹೊಗಳಿದರೂ ಸಾಲದು. ಊಟದ ಡಬ್ಬಿಯಷ್ಟೇ ಗಾತ್ರ, ನೆತ್ತಿಯ ಮೇಲೆ ಗಾಳಿಯಾಡಲು ಸಾಲು ಸಾಲು ಕಿಂಡಿ, ಹೊಟ್ಟೆಯ ಅಡಿಯಲ್ಲಿ ಬೆಳ್ಳಿ ಬಣ್ಣದ ಒಂದು ಸೀಲು, ಆ ಸೀಲಿನ ಮೇಲೆ ಇದನ್ನು ಒಡೆದರೆ ವಾರಂಟಿ ರದ್ದು ಎಂಬ ಎಚ್ಚರಿಕೆ. ಕೆಲವು ವರ್ಷ ಅದು ಚಿಗರೆಯ ಹಾಗೆ ಓಡಿತು. ಈ ವರ್ಷ ಮಾತ್ರ ಅದಕ್ಕೆ ಒಳ್ಳೆಯ ಸಂಸ್ಕಾರ ಬಂದು, ಯಾವುದಕ್ಕೂ ಆತುರಪಡಬಾರದೆಂದು ತೀರ್ಮಾನಿಸಿದಂತೆ ಕಂಡಿತು. ವರನ ಹೆಸರು ಒತ್ತಿ, ಒಳಗೆ ಹೋಗಿ ಅಕ್ಕಿ ತೊಳೆದಿಟ್ಟು ಬಂದರೆ ಹೆಸರಿನ ಮೊದಲಕ್ಷರ ಮೂಡಿರುತ್ತಿತ್ತು. ಹುಲಿಕೆರೆಯ ಮರಿಯಣ್ಣನವರು ಮಗಳ ಲಗ್ನಪತ್ರಿಕೆ ಮಾಡಿಸಲು ಬಂದವರು ಕಾಫಿ ಕುಡಿದು, ಪೇಪರು ಓದಿ ಮುಗಿಸಿ, ಕೊನೆಗೆ ಎದ್ದು ನಿಂತು, "ಬುಡಿ ತಾಯಿ, ಮಗೀನ ನಾಮಕರಣದ ಕಾರ್ಡ್ನೂ ಇದ್ರ ಜೊತೇಲೇ ಮಾಡ್ಸಿಬುಡಾನ" ಎಂದು ಬಹಳ ಮರ್ಯಾದೆಯಿಂದ ಹೇಳಿ, ಅಷ್ಟೇ ಮರ್ಯಾದೆಯಿಂದ ಎದುರಿನ ಅಂಗಡಿಗೆ ಹೋದರು. ಅವರ ಹಿಂದೆ ಇನ್ನೂ ಕೆಲವರು ಹೋದರು.

ಇದೆಲ್ಲವನ್ನೂ ಕಂಡ ನಮ್ಮ ಯಜಮಾನರು ಒಂದು ದಿನ ರೂಮಿನ ಬಾಗಿಲಲ್ಲಿ ಕೊಬ್ಬರಿ ಚೀಲಗಳನ್ನು ತಂದು ಇಳಿಸಿದರು. ಅಟ್ಟದ ಮೇಲೆ ಜಾಗವಿಲ್ಲವೆಂಬುದು ಅವರ ಬಹಳ ದಿನದ ದೂರು. "ವೈಶಾಖದ ಲಗ್ನ ಶುರುವಾಗೋದ್ರೊಳಗೆ ಇದು ನೆಟ್ಟಗೆ ನಡೀಲಿಲ್ಲಾ ಅಂದ್ರೆ ರೂಮು ಚೀಲಕ್ಕೆ ಕಣೇ, ಆಮೇಲೆ ಮುಖ ಊದಿಸ್ಕೋಬೇಡ" ಎಂದರು. ಅವರು ಕೆಟ್ಟವರಲ್ಲ ಮಾನ್ಯರೇ, ಲೆಕ್ಕಾಚಾರದವರು. ಆದರೆ ಆ ದಿನ ನನಗೆ ಊಟ ಸೇರಲಿಲ್ಲ. ಆ ಚೀಲಗಳು ಒಳಗೆ ಬಂದರೆ ಬೋರ್ಡು ಕೆಳಗಿಳಿಯುತ್ತದೆ, ಇಳಿದ ಬೋರ್ಡು ಮತ್ತೆ ಏರುವುದಿಲ್ಲ ಎಂಬುದು ನನಗೆ ಗೊತ್ತಿತ್ತು.

ಆದ್ದರಿಂದ ಬಿಂದುಬಾಕ್ಸನ್ನು ಕೂಸಿನ ಹಾಗೆ ಟವೆಲ್ಲಿನಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು, ಬಸ್ಸಿನಲ್ಲಿ ಹಾಸನಕ್ಕೆ ಹೋಗಿ ತಮ್ಮ ಸರ್ವೀಸ್ ಸೆಂಟರಿನ ಮೇಜಿನ ಮೇಲೆ ಮಲಗಿಸಿದೆ. ತಮ್ಮ ಎಂಜಿನಿಯರರು ಅದನ್ನು ಒಂದು ವಾರ ತಮ್ಮಲ್ಲಿ ಇಟ್ಟುಕೊಂಡು ಆಳವಾಗಿ ತಪಾಸಣೆ ಮಾಡಿ, ತಪಾಸಣೆಯ ಶುಲ್ಕವನ್ನೂ ಪಡೆದು, ಹೀಗೆಂದು ತೀರ್ಪು ಕೊಟ್ಟರು: ಯಂತ್ರಕ್ಕೆ ನೆನಪಿನ ಶಕ್ತಿ ಸಾಲದು, ಅದನ್ನು ಹೆಚ್ಚಿಸುವ ಅಧಿಕಾರ ಕಂಪನಿಗೆ ಮಾತ್ರ, ಕಂಪನಿಯ ಅಸಲಿ ಮೆಮೊರಿ ದೂರದಿಂದ ಬರಬೇಕು, ಎಲ್ಲ ಸರಿಯಾಗಿ ನಡೆದರೆ ಆಷಾಢದ ಹೊತ್ತಿಗೆ ಯಂತ್ರ ಕೈಸೇರುತ್ತದೆ. ಆಷಾಢದಲ್ಲಿ ನಮ್ಮ ಕಡೆ ಮದುವೆಗಳೇ ನಡೆಯುವುದಿಲ್ಲವಾದ್ದರಿಂದ ಯಂತ್ರಕ್ಕೆ ಒಂದಿಷ್ಟು ವಿಶ್ರಾಂತಿ ಸಿಗಲೆಂದೇ ತಾವು ಆ ತಿಂಗಳನ್ನು ಆರಿಸಿದಿರೆಂದು ತಿಳಿದು ನನ್ನ ಕಣ್ಣು ತುಂಬಿತು. ತಾವು ಕೇಳಿದ ಬೆಲೆಯಂತೂ ಒಂದು ಒಳ್ಳೆಯ ಸೀಮೆಹಸುವಿನ ಬೆಲೆ. ಅಷ್ಟೇ ನೆನಪು ಕೊಡುವ ಮೆಮೊರಿ ಪಟ್ಟಿಯನ್ನು ಅದೇ ಹಾಸನದ ಇನ್ನೊಂದು ಅಂಗಡಿಯವರು ಆ ಹಸುವಿನ ತಿಂಗಳ ಹಿಂಡಿಯ ಬೆಲೆಗೆ ಕೊಡುತ್ತಿದ್ದರು. ತಮ್ಮ ಪಟ್ಟಿ ಹಾಲು ಕೊಡುತ್ತದೆಯೇ ಎಂದು ವಿಚಾರಿಸಬೇಕೆಂದು ಫೋನು ಮಾಡಿದೆ, ಕೊಳಲು ಕೇಳಿಸಿತು.

ಯಂತ್ರವನ್ನು ಹಾಗೆಯೇ ಮನೆಗೆ ತಂದೆ. ಆಗ ನಡೆದ ಒಂದು ಸಂಗತಿಯನ್ನು ತಮ್ಮ ಎಂಜಿನಿಯರರು ದಯವಿಟ್ಟು ಗಮನವಿಟ್ಟು ಓದಬೇಕು. ನಮ್ಮಲ್ಲಿ ಕಾಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿಟ್ಟು ಕೊಬ್ಬರಿ ಮಾಡುತ್ತಾರೆ. ಒಳಗೆ ಕೊಬ್ಬರಿ ಆಗಿದೆಯೋ ಇಲ್ಲವೋ ಎಂದು ಒಡೆದು ನೋಡುವಂತಿಲ್ಲ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗೆ ಉಂಡೆ ಗಟಗಟ ಎಂದರೆ ಆಯಿತೆಂದು ಲೆಕ್ಕ. ನಮ್ಮ ಯಜಮಾನರಿಗೆ ಬೇರೆ ವಿದ್ಯೆ ಗೊತ್ತಿಲ್ಲ. ಅವರು ತಮ್ಮ ಬಿಂದುಬಾಕ್ಸನ್ನು ಎತ್ತಿಕೊಂಡು, ಕಿವಿಗೆ ಹಿಡಿದು, ಕಣ್ಣು ಮುಚ್ಚಿ ಅಲ್ಲಾಡಿಸಿ, "ಒಳಗೆ ಏನೋ ಆಡ್ತೈತೆ ಕಣೇ" ಎಂದರು. ನಾನು ನಕ್ಕೆ. ಅಷ್ಟು ಓದಿದ ಎಂಜಿನಿಯರರು ಒಂದು ವಾರ ಆಳವಾಗಿ ತಪಾಸಣೆ ಮಾಡಿದ ಮೇಲೆ ಇವರದೊಂದು ಎಂದು ಮನಸ್ಸಿನಲ್ಲಿ ಅಂದುಕೊಂಡೆ.

ಆದರೂ ಆ ಹಿಂಡಿಯ ಬೆಲೆಯ ಪಟ್ಟಿಯನ್ನು ತರಿಸಿಕೊಂಡು ನಾನೇ ಹಾಕಿಬಿಡುವುದೆಂದು ನಿರ್ಧರಿಸಿದೆ. ಹಾಳಾದರೆ ಹೇಗೂ ರೂಮು ಚೀಲಕ್ಕೆ ಹೋಗುವುದಿತ್ತು, ಇನ್ನು ಹೋಗಲು ಉಳಿದದ್ದೇನು. ದುರಸ್ತಿಗೆಂದು ಕಲ್ಲಿನ ದೇವಸ್ಥಾನವನ್ನೇ ಬಿಚ್ಚಿ, ಕಲ್ಲಿಗೊಂದು ನಂಬರು ಬರೆದು, ಮತ್ತೆ ಹಾಗೆಯೇ ಕೂಡಿಸುವುದನ್ನು ಕಂಡ ಸೀಮೆಯವಳು ನಾನು. ಊಟದ ಡಬ್ಬಿಗೆ ಹೆದರಬಾರದೆಂದು ಧೈರ್ಯ ತಂದುಕೊಂಡೆ. ಮಧ್ಯಾಹ್ನ ಊಟವಾದ ಮೇಲೆ ಮೇಜಿಗೆ ಬಿಳಿ ಪಂಚೆ ಹಾಸಿ, ಮೊಬೈಲಿನಲ್ಲಿ ಮೆಮೊರಿ ಜೋಡಿಸುವ ವಿಡಿಯೋ ಹಾಕಿಕೊಂಡು, ಹೊಲಿಗೆ ಮೆಷಿನ್ನಿನ ಸ್ಕ್ರೂಡ್ರೈವರ್ ಹಿಡಿದು ಕುಳಿತೆ. ಮೈಯಲ್ಲಿರುವ ಕರೆಂಟು ಹೋಗಲು ಮೊದಲು ಕಬ್ಬಿಣ ಮುಟ್ಟಬೇಕೆಂದು ವಿಡಿಯೋದವರು ಹೇಳಿದ್ದರಿಂದ ಎದ್ದು ಹೋಗಿ ಒಡವೆ ಇಡುವ ಕಬ್ಬಿಣದ ಬೀರುವನ್ನು ಎರಡೂ ಕೈಯಲ್ಲಿ ಮುಟ್ಟಿದೆ. ಅದನ್ನು ಕಂಡ ಯಜಮಾನರು ನಾನು ಒಡವೆ ಮಾರುವ ಮುಂಚೆ ಕೈಮುಗಿಯುತ್ತಿದ್ದೇನೆಂದು ತಿಳಿದು ಗಾಬರಿಯಿಂದ ಬಂದು ಪಕ್ಕದಲ್ಲೇ ಕುಳಿತರು.

ಇಲ್ಲಿ ತಮ್ಮ ಕಾರ್ಖಾನೆಯ ಜಾಣ್ಮೆಯನ್ನು ಹೊಗಳದೆ ಮುಂದೆ ಹೋಗಲಾರೆ. ಕಾಣುವ ಸ್ಕ್ರೂಗಳನ್ನೆಲ್ಲ ಬಿಚ್ಚಿದರೂ ಮುಚ್ಚಳ ಏಳಲಿಲ್ಲ. ಕೊನೆಯ ಸ್ಕ್ರೂ ರಬ್ಬರಿನ ಕಾಲಿನ ಅಡಿಯಲ್ಲಿತ್ತು. ನಮ್ಮಜ್ಜಿ ಬೆಲ್ಲವನ್ನು ಮೊಮ್ಮಕ್ಕಳಿಂದ ಮುಚ್ಚಿಡುತ್ತಿದ್ದಾಗಲೂ ಇಷ್ಟು ತಲೆ ಓಡಿಸಿರಲಿಲ್ಲ. ಅದೂ ಬಂದ ಮೇಲೆ ಉಳಿದದ್ದು ತಮ್ಮ ಬೆಳ್ಳಿ ಸೀಲು ಮಾತ್ರ. ಉಗುರಿನಿಂದ ಅಂಚು ಎಬ್ಬಿಸುವಾಗ ಮನಸ್ಸಿನಲ್ಲೇ ತಮ್ಮ ಕ್ಷಮೆ ಕೇಳಿದ್ದು ನಿಜ. ಸೀಲು ಎಲ್ಲೂ ಹರಿಯದೆ ಇಡಿಯಾಗಿ ಕೈಗೆ ಬಂತು, ಮುಚ್ಚಳ ಎದ್ದಿತು, ಒಳಗಿನಿಂದ ಪಂಚೆಯ ಮೇಲೆ ಸುರ್ರೆಂದು ಅಕ್ಕಿ ಸುರಿಯಿತು.

ಹೌದು ಮಾನ್ಯರೇ, ಅಕ್ಕಿ. ಅರಿಶಿನ ಹಚ್ಚಿದ ಅಕ್ಷತೆ ಅಕ್ಕಿ, ಬೊಗಸೆ ತುಂಬುವಷ್ಟು. ಒಳಗೊಂದು ಪುಟ್ಟ ಫ್ಯಾನಿದೆ, ತಮಗೆ ತಿಳಿದಿರಬಹುದು. ಅದರ ರೆಕ್ಕೆಗಳ ಸಂದಿಯಲ್ಲೂ ಕಾಳು ಸಿಕ್ಕಿಕೊಂಡು, ಅದರ ಜಿಡ್ಡಿಗೆ ಧೂಳು ಮೆತ್ತಿಕೊಂಡು, ಫ್ಯಾನು ತಿರುಗುವುದನ್ನೇ ಬಿಟ್ಟಿತ್ತು. ಗಾಳಿಯಿಲ್ಲದೆ ಬಿಸಿಯೇರಿ, ಸುಟ್ಟುಹೋಗಬಾರದೆಂದು ಯಂತ್ರ ಪಾಪ ತಾನೇ ನಿಧಾನ ಮಾಡಿಕೊಂಡಿತ್ತು. ಯಜಮಾನರು ನನ್ನ ಮುಖ ನೋಡಿ ನಕ್ಕರು. ಅಲ್ಲಾಡಿಸಿ ಹೇಳಿದ್ದು ನಿಜವಾಯಿತೆಂಬ ಆ ನಗುವನ್ನು ಈ ಜನ್ಮವೆಲ್ಲ ನಾನು ಸಹಿಸಿಕೊಳ್ಳಬೇಕು, ಇದಕ್ಕೆ ಪರಿಹಾರವಾಗಿ ತಾವು ಏನನ್ನಾದರೂ ಕೊಡುವಂತಿದ್ದರೆ ದಯವಿಟ್ಟು ಯೋಚಿಸಬೇಕು.

ಅಷ್ಟರಲ್ಲಿ ನಮ್ಮತ್ತೆ ಬಾಗಿಲಲ್ಲಿ ನಿಂತಿದ್ದರು. ಅವರೇ ಹಾಕಿದ್ದು. ಪ್ರತಿ ಲಗ್ನಪತ್ರಿಕೆ ಮುಗಿದ ದಿನವೂ, ನಾನು ಅಡುಗೆಮನೆಗೆ ಹೋದಾಗ ಬಂದು, ಪರದೆಯ ಮೇಲಿನ ಗಂಡುಹೆಣ್ಣಿನ ಹೆಸರು ಓದಿಕೊಂಡು, ಡಬ್ಬಿಯ ನೆತ್ತಿಯ ಮೇಲೆ ನಾಲ್ಕು ಕಾಳು ಹಾಕಿ ಹರಸುತ್ತಿದ್ದರಂತೆ. ಹೆಸರುಗಳು ಅದರೊಳಗೇ ಇರುತ್ತವೆಂದು ನಾನೇ ಎಂದೋ ಹೇಳಿದ್ದೆನಂತೆ. ಮಾವನವರು ಹೋದ ಮೇಲೆ ಮದುವೆಮನೆಗಳಲ್ಲಿ ಅಕ್ಷತೆಯ ತಟ್ಟೆ ಅವರ ಸಾಲಿಗೆ ಬರುವಷ್ಟರಲ್ಲಿ ದಾರಿ ಬದಲಿಸುತ್ತದೆ. ಯಾರೂ ಬೇಡವೆನ್ನುವುದಿಲ್ಲ, ತಟ್ಟೆ ಬರುವುದಿಲ್ಲ, ಅಷ್ಟೇ. ತಮ್ಮ ಡಬ್ಬಿಯೊಂದು ಮಾತ್ರ ಅವರ ಅಕ್ಷತೆಯನ್ನು ಎಂದೂ ಬೇಡವೆಂದಿರಲಿಲ್ಲ. ಅದನ್ನು ಕೇಳಿ ನನಗೆ ಸಿಟ್ಟು ಬರಬೇಕಾದ ಜಾಗದಲ್ಲಿ ಅಳು ಬಂತು.

ಅವರು ಅಳಲಿಲ್ಲ. ಕೂತು ಕಾಳನ್ನೆಲ್ಲ ಸೆರಗಿಗೆ ಬಳಿದುಕೊಂಡು, ತೂಕ ನೋಡುವ ಹಾಗೆ ಒಮ್ಮೆ ಎತ್ತಿ ಹಿಡಿದು, ನನ್ನನ್ನಲ್ಲ, ಮಗನನ್ನು ನೋಡಿ, "ಇಷ್ಟೊಂದು ಮದ್ವೆ ಕೂಡ್ಸಿರೋ ರೂಮು ಇದು. ನಿನ್ ಚೀಲ ಬೇರೆ ಕಡೆ ಇಟ್ಕೋ ಹೋಗ್ಲಾ" ಎಂದರು. ಯಜಮಾನರು ಎದ್ದು ಹೋಗಿ ಬಾಗಿಲಲ್ಲಿದ್ದ ಚೀಲಗಳನ್ನು ಹೊತ್ತು ಹಿತ್ತಿಲಿಗೆ ಸಾಗಿಸಿದರು.

ಆಮೇಲೆ ಬ್ರಷ್ಷಿನಿಂದ ಫ್ಯಾನು ಬಿಡಿಸಿ, ಹೊಸ ಮೆಮೊರಿ ಪಟ್ಟಿಯನ್ನು ಅದರ ಗೂಡಿಗೆ ಒತ್ತಿ ಕೂರಿಸಿದೆ. ಬಾಗಿಲ ಚಿಲಕ ಹಾಕುವುದಕ್ಕಿಂತ ಕಷ್ಟದ ಕೆಲಸವೇನಲ್ಲ ಅದು. ಇದಕ್ಕೆ ಆಷಾಢದವರೆಗೆ ಏಕೆ ಬೇಕೆಂಬುದು ದೊಡ್ಡವರಿಗೆ ಮಾತ್ರ ತಿಳಿಯುವ ವಿಚಾರ. ಯಂತ್ರ ಈಗ ಹೊಸದಕ್ಕಿಂತ ಚೆನ್ನಾಗಿ ಓಡುತ್ತಿದೆ. ಫ್ಯಾನಿನಿಂದ ಎಷ್ಟು, ಪಟ್ಟಿಯಿಂದ ಎಷ್ಟು ಎಂದು ಕೇಳಿದರೆ ನನಗೆ ಗೊತ್ತಿಲ್ಲ. ತಮಗೂ ಗೊತ್ತಿರಲಿಲ್ಲ ಎಂಬುದಷ್ಟೇ ನನಗೆ ಗೊತ್ತು. ಏಕೆಂದರೆ ಹಾಸನದಿಂದ ಯಂತ್ರ ಮರಳಿ ಬಂದಾಗ ತಮ್ಮ ಬೆಳ್ಳಿ ಸೀಲು ಹೇಗಿತ್ತೋ ಹಾಗೆಯೇ ಇತ್ತು. ಆಳವಾದ ತಪಾಸಣೆಯನ್ನು ಮುಚ್ಚಳ ತೆಗೆಯದೆಯೇ ಮಾಡುವ ಶಕ್ತಿ ನಮ್ಮ ಯಜಮಾನರಿಗೂ ಇದೆ, ಆದರೆ ಅವರು ಒಮ್ಮೆಯಾದರೂ ಅಲ್ಲಾಡಿಸುತ್ತಾರೆ.

ಅಕ್ಷತೆ ಹಾಕಿದ್ದು ನಮ್ಮ ಕಡೆಯ ತಪ್ಪೆಂದು ತಾವು ಹೇಳಬಹುದು, ಒಪ್ಪಿದೆ. ಈಗ ಮೊದಲ ಪ್ರತಿಯನ್ನು ಅಚ್ಚು ಹಾಕಿ ನಮ್ಮತ್ತೆಯ ಮುಂದಿಡುತ್ತೇನೆ, ಅವರು ಕಾಗದದ ಮೇಲೆಯೇ ಹರಸುತ್ತಾರೆ. ಎದುರಿನ ಅಂಗಡಿಯಿಂದ ಮರಳಿ ಬಂದ ಮರಿಯಣ್ಣನವರು ಮಗಳ ಪತ್ರಿಕೆಯ ಮೊದಲ ಪ್ರತಿಯನ್ನು ತಾವೇ ತೆಗೆದುಕೊಂಡು ಹೋಗಿ, "ನೀವೂ ಹಾಕಿ ತಾಯಿ" ಎಂದು ನಮ್ಮತ್ತೆಯ ಕೈಗೆ ಕೊಟ್ಟರು. ಆದರೂ ತಮ್ಮಲ್ಲಿ ಕೆಲವು ಕೋರಿಕೆಗಳಿವೆ. ಮುಂದಿನ ಬಿಂದುಬಾಕ್ಸಿನ ನೆತ್ತಿಯ ಮೇಲೆ ಅಕ್ಷತೆಗೆಂದೇ ಒಂದು ಪುಟ್ಟ ತಟ್ಟೆ ಇಡಬೇಕು. ನೆನಪಿನ ಶಕ್ತಿ ಹೆಚ್ಚಿಸುವ ಅಧಿಕಾರ ತಮಗೊಬ್ಬರಿಗೇ ಇರುವುದಾದರೆ, ತರಕಾರಿ ತರಲು ಹೋಗಿ ಬರಿಗೈಯಲ್ಲಿ ಬರುವ ನಮ್ಮ ಯಜಮಾನರನ್ನೂ ಒಂದು ಆಷಾಢ ತಮ್ಮಲ್ಲಿ ಇಟ್ಟುಕೊಳ್ಳಬೇಕು. ನಮ್ಮತ್ತೆಯನ್ನು ಮಾತ್ರ ಕಳಿಸುವುದಿಲ್ಲ, ನನ್ನ ಮದುವೆಯಲ್ಲಿ ಯಾರು ಯಾವ ಪಾತ್ರೆ ಮುಯ್ಯಿ ಮಾಡಿದರೆಂಬುದು ಅವರಿಗೆ ಈಗಲೂ ನೆನಪಿದೆ. ಮತ್ತೆ, ತಮ್ಮ ಎಂಜಿನಿಯರರನ್ನು ಕೊಬ್ಬರಿ ಕಾಲದಲ್ಲಿ ಅರಸೀಕೆರೆಗೆ ಕಳಿಸಿದರೆ ನಮ್ಮ ಅಟ್ಟದ ಮೇಲೆ ಊಟ ಹಾಕಿ ಅಲ್ಲಾಡಿಸುವ ವಿದ್ಯೆಯನ್ನು ಬಿಟ್ಟಿಯಾಗಿ ಕಲಿಸಿಕೊಡುತ್ತೇವೆ.

ಸೀಲು ಹೋದರೂ ವಿಶ್ವಾಸ ಕಳೆದುಕೊಳ್ಳದ,
ತಮ್ಮ ವಿಶ್ವಾಸಿ,
ಮಾಲಿನಿ
ಮಾಲಿನಿ ಡಿ.ಟಿ.ಪಿ. ಸೆಂಟರ್, ಅರಸೀಕೆರೆ
(ಬೋರ್ಡು ಇನ್ನೂ ಅಲ್ಲೇ ಇದೆ)

ವಿ.ಸೂ.: ಹರಿಯದೆ ಬಂದ ತಮ್ಮ ಸೀಲನ್ನು ಬಿಸಾಡಲು ಮನಸ್ಸು ಬರಲಿಲ್ಲ, ನಮ್ಮತ್ತೆಯ ಅಕ್ಷತೆ ಬಟ್ಟಲಿನ ಮುಚ್ಚಳಕ್ಕೆ ಅಂಟಿಸಿದ್ದೇನೆ. ಅವರು ಅದನ್ನು ಲೆಕ್ಕಿಸದೆ ದಿನವೂ ಮುಚ್ಚಳ ತೆಗೆಯುತ್ತಾರೆ. ತಮ್ಮ ಎಂಜಿನಿಯರರು ಬಂದರೆ ಬಟ್ಟಲನ್ನು ಅವರ ಕೈಗೇ ಕೊಟ್ಟು ನಿಶ್ಚಿಂತೆಯಿಂದ ಒಳಗೆ ಹೋಗುತ್ತೇನೆ, ಒಂದು ವಾರ ಇಟ್ಟುಕೊಂಡರೂ ಅವರು ಅದರೊಳಗೆ ಏನಿದೆಯೆಂದು ನೋಡುವವರಲ್ಲ.